ಅಗಲಿಕೆಯೂ ಹೊಸ ಜೀವಜಾತಿಯ ಹುಟ್ಟೂ

ಧಾರವಾಡದ ಮೂಡಲಿಗೆ ಎರೆಯ ಬಯಲು ಹಬ್ಬಿದೆ. ಪಡುವಲಿಗೆ ಮಲೆನಾಡಿನ ಸೆರಗು ಹಾಸಿದೆ. ಹುಬ್ಬಳ್ಳಿಯಿಂದ ಹೊರಟು ಧಾರವಾಡ, ಅಳ್ನಾವರ, ಲೋಂಡಾಗಳ ಮೇಲೆ ಹಾಯ್ದು ಗೋವೆಯ ಕಡೆಗೆ ಇಳಿಯುವ ರೈಲುದಾರಿಯು ಕೆಲವೇ ತಾಸುಗಳಲ್ಲಿ ಜೋಳ-ಹತ್ತಿಗಳ ಸೀಮೆಯನ್ನು ಹಿಂದಿಕ್ಕಿ, ಮಳೆಗಾಲದಲ್ಲಿ ಸೂರ್ಯದರ್ಶನವೇ ದುರ್ಲಭವಾದ ಕ್ಯಾಸಲ್‌ರಾಕಿನ ಅಡವಿಯನ್ನು ಮುಟ್ಟುವದು. ಘಟ್ಟದ ನೆತ್ತಿಯ ಮೇಲಿನ ಈ ಸಣ್ಣ ಊರಿಗೆ ಪ್ರಾಣಿಶಾಸ್ತ್ರದ ಗ್ರಂಥಗಳಲ್ಲಿ ಒಂದು ಸ್ಥಾನವುಂಟು. ಇ. ಸ. ೧೯೧೯ರಲ್ಲಿ, ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ಮೊದಲನೆಯ ನಿರ್ದೇಶಕರಾದ ನೆಲ್ಸನ್ ಅನಂಡೇಲರು ಇಲ್ಲಿಯ ಒಂದು ಪುಟ್ಟ ಪೊದೆಗಪ್ಪೆಯನ್ನು ಹೊಸ ಜಾತಿಯೆಂದು ವರ್ಣಿಸಿದರು. ಆಗ ಈ ಸೀಮೆಯು ಮುಂಬಯಿ ಇಲಾಖೆಗೆ ಸೇರಿದ್ದಿತು. ಆ ಕಪ್ಪೆಯ ಶಾಸ್ತ್ರೀಯ ನಾಮದಲ್ಲಿ ಮುಂಬಯಿಯ ಹೆಸರು ಇಂದಿಗೂ ಉಳಿದಿರುತ್ತದೆ. ೨೦೦೫ರಲ್ಲಿ ಅದೇ ಕ್ಯಾಸಲ್‌ರಾಕಿನಿಂದ ಇನ್ನೊಂದು ಜಾತಿಯ ಕಪ್ಪೆ, ತೊರೆಗಳ ಬಂಡೆಗಳನ್ನು ಆಶ್ರಯಿಸುವ ಇರುಳುಗಪ್ಪೆ, ಶಾಸ್ತ್ರಜ್ಞರ ಗಮನಕ್ಕೆ ಬಂದಿತು.

ಇಷ್ಟರಲ್ಲಿ ಆಶ್ಚರ್ಯವೇನೂ ಇಲ್ಲವೆಂದು ವಾಚಕರು ಹೇಳಬಹುದು. ಅಡವಿ ಎಂದ ಮೇಲೆ ಕಪ್ಪೆಗಳಿರಲೇಬೇಕಷ್ಟೆ! ಆಶ್ಚರ್ಯದ ಸಂಗತಿಯು ಬೇರೆಯೇ ಇದೆ. ಅಲ್ಲಿಂದ ದಕ್ಷಿಣಕ್ಕೆ ಸಹ್ಯಾದ್ರಿಯ ಬೆನ್ನು ಹಿಡಿದು ನಡೆದರೆ, ಮಳೆ ಅದೇ, ಮರಗಳ ದಟ್ಟಣೆ ಅದೇ, ತೊರೆಗಳ ತಂಪು ಅದೇ. ಆದರೆ ಕಪ್ಪೆಗಳು ಮಾತ್ರ ಬದಲಾಗುತ್ತ ಹೋಗುವವು. ಕೊಡಗಿನ ಬೆಟ್ಟದ ಮೇಲೆ ಕೂಗುವದು ಒಂದು ಜಾತಿ, ನೀಲಗಿರಿಯಲ್ಲಿ ಮತ್ತೊಂದು, ಆನೆಮಲೆಯಲ್ಲಿ ಮಗದೊಂದು. ಒಂದೇ ಬಗೆಯ ಹವೆಗೆ ಒಂದೇ ಜಾತಿಯ ಕಪ್ಪೆ ಸಾಲದಾಯಿತೇಕೆ? ನಿಸರ್ಗವು ಪ್ರತಿಯೊಂದು ಗಿರಿಗೂ ಬೇರೆ ಬೇರೆ ಅಚ್ಚು ಹಾಕಿದ್ದೇಕೆ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವದರಲ್ಲಿ ಜೀವಶಾಸ್ತ್ರವು ನೂರು ವರುಷಗಳಿಗೂ ಹೆಚ್ಚು ಕಾಲವನ್ನು ಕಳೆದಿರುತ್ತದೆ.

ಹದಿನೆಂಟನೆಯ ಶತಮಾನದಲ್ಲಿ ಈ ಪ್ರಶ್ನೆಯೇ ಹುಟ್ಟುವಂತಿರಲಿಲ್ಲ. ಸಸ್ಯ-ಪ್ರಾಣಿಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಸ್ವೀಡನ್ ದೇಶದ ಲಿನ್ನೇಯಸ್ ಪಂಡಿತನು, ಜಾತಿಗಳೆಲ್ಲವೂ ಸೃಷ್ಟಿಯ ಆದಿಯಲ್ಲಿಯೇ ನಿರ್ಮಿತವಾದವುಗಳೆಂದು ಬಹುಕಾಲ ನಂಬಿದ್ದನು. ೧೮೩೫ರಲ್ಲಿ ತರುಣ ಚಾರ್ಲ್ಸ್ ಡಾರ್ವಿನನು ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಿಗೆ ಹೋದಾಗ, ಒಂದು ದ್ವೀಪದ ಅಣಕುಹಕ್ಕಿಯು ಇನ್ನೊಂದರ ಅಣಕುಹಕ್ಕಿಯಂತೆ ಇಲ್ಲದಿರುವದನ್ನು ಕಂಡನು. ಲಂಡನ್ನಿಗೆ ಮರಳಿದ ಮೇಲೆ, ೧೮೩೭ರಲ್ಲಿ, ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು ಆ ಹಕ್ಕಿಗಳನ್ನು ಪರೀಕ್ಷಿಸಿ, ಇವು ಒಂದೇ ಜಾತಿಯ ಬಣ್ಣಬೇಧಗಳಲ್ಲ, ನಿಜವಾಗಿಯೂ ಬೇರೆ ಬೇರೆ ಜಾತಿಗಳೇ ಸರಿ ಎಂದು ನಿರ್ಣಯಿಸಿದನು. ಜಾತಿಗಳು ಸ್ಥಿರವಲ್ಲ, ಮಾರ್ಪಡತಕ್ಕವು ಎಂಬ ವಿಚಾರವು ಡಾರ್ವಿನನ ಮನಸ್ಸಿನಲ್ಲಿ ಬೇರೂರಿದ್ದು ಆ ವರುಷದಲ್ಲಿಯೇ. ಅತ್ತ ಆಲ್ಫ್ರೆಡ್ ವಾಲೆಸನು ಅಮೆಜಾನ್ ನದಿಯ ಒಂದು ದಂಡೆಯ ಮಂಗಗಳು ಎದುರುದಂಡೆಯಲ್ಲಿ ಕಾಣದಿರುವದನ್ನು ೧೮೫೨ರಲ್ಲಿ ಬರೆದು ಪ್ರಕಟಿಸಿದನು.

ಆದರೂ ೧೮೫೯ರಲ್ಲಿ ಹೊರಬಂದ ಡಾರ್ವಿನನ ಮಹಾಗ್ರಂಥದಲ್ಲಿ ಮುಖ್ಯ ಪಾತ್ರವು ನಿಸರ್ಗದ ಆಯ್ಕೆಗೆ ಸಂದಿತು. ಅಗಲಿಕೆಗೆ ಎರಡನೆಯ ಸ್ಥಾನ ದೊರೆಯಿತು. ಇದನ್ನು ಆಕ್ಷೇಪಿಸಿದವನು ಮೊರಿಟ್ಜ್ ವಾಗ್ನರ್ ಎಂಬ ಜರ್ಮನ್ ಸಂಚಾರಿ. ಇವನು ಅಲ್ಜೀರಿಯಾ ದೇಶದಲ್ಲಿ ತಿರುಗುತ್ತಿದ್ದಾಗ, ರೆಕ್ಕೆಯಿಲ್ಲದ ದುಂಬಿಗಳ ಒಂದು ಜಾತಿಯು ನದಿಯ ಈಚೆಗೂ ಅದಕ್ಕೆ ಹತ್ತಿರದ ಮತ್ತೊಂದು ಜಾತಿಯು ಆಚೆಗೂ ಇರುವದನ್ನು ಕಂಡಿದ್ದನು. ತನ್ನ ಬಳಗದಿಂದ ಅಗಲಿ ದೂರವಾಗದ ಹೊರತು ಯಾವ ಜೀವಿಯೂ ಹೊಸ ಜಾತಿಯಾಗಲಾರದು ಎಂದು ೧೮೬೮ರಲ್ಲಿ ಅವನು ಸಾರಿದನು. ಅಗಲಿಕೆಯು ಸಹಾಯಕವೆಂಬದನ್ನು ಡಾರ್ವಿನನು ಒಪ್ಪಿದನೇ ಹೊರತು, ಅದು ಅವಶ್ಯವೆಂಬದನ್ನು ಒಪ್ಪಲಿಲ್ಲ. ವಾಗ್ನರನ ಮಾತಿಗೆ ಮನ್ನಣೆ ಸಿಗಲು ಎಪ್ಪತ್ತು ವರುಷಗಳು ಹಿಡಿದವು. ನ್ಯೂಗಿನಿ ಮತ್ತು ಸಾಲೊಮನ್ ದ್ವೀಪಗಳಲ್ಲಿ ಹಕ್ಕಿಗಳನ್ನು ಶೋಧಿಸಿ ಬಂದ ಅರ್ನ್‌ಸ್ಟ್ ಮಾಯರನು ೧೯೪೨ರ ತನ್ನ ಗ್ರಂಥದಲ್ಲಿ ರಾಶಿರಾಶಿಯಾಗಿ ಪ್ರಮಾಣಗಳನ್ನು ಒಡ್ಡಿದ ಮೇಲೆ, ಹೊಸ ಜಾತಿಯ ಹುಟ್ಟಿಗೆ ಭೂಮಿಯ ಮೇಲಿನ ಅಗಲಿಕೆಯೇ ರಾಜಮಾರ್ಗವೆಂಬದು ಪಂಡಿತರ ಬಹುಮತವಾಯಿತು. ಅಗಲದೆಯೂ ಜಾತಿಯೊಡೆಯುವ ಉದಾಹರಣೆಗಳು ಮುಂದೆ ಕೆಲವು ದೊರೆತಿರುವವು. ಆದರೆ ಅವು ಕಾಲುದಾರಿಗಳೆನ್ನಬೇಕು.

ಅಗಲಿಕೆಯು ಈ ಕೆಲಸವನ್ನು ಹೇಗೆ ಮಾಡುವದು? ಕನ್ನಡಿಗರಿಗೆ ಇದನ್ನು ತಿಳಿಯಲು ಹತ್ತಿರದ ದೃಷ್ಟಾಂತವೊಂದುಂಟು. ಕೆಲವು ಶತಮಾನಗಳ ಹಿಂದೆ ಮೈಸೂರು ಸೀಮೆಯ ಕಡೆಯಿಂದ ಕೆಲ ಕುಟುಂಬಗಳು ನೀಲಗಿರಿಯ ಬೆಟ್ಟಗಳನ್ನೇರಿ ನೆಲೆಸಿದವು. ಬಡಗಲಿಂದ ಬಂದವರಾದುದರಿಂದ ಅವರಿಗೆ ಬಡಗರೆಂಬ ಹೆಸರಾಯಿತು. ಅವರು ತಂದದ್ದು ಕನ್ನಡವೇ. ಆದರೆ ಬೆಟ್ಟದ ಮೇಲಿನ ಮಾತು ಬೆಟ್ಟದ ಮೇಲೆಯೇ ಬೆಳೆಯಿತು, ಬಯಲಿನ ಮಾತು ಬಯಲಿನಲ್ಲಿ ಬೆಳೆಯಿತು. ಒಂದು ಕಡೆಯ ಹೊಸ ನುಡಿ ಇನ್ನೊಂದು ಕಡೆಗೆ ಮುಟ್ಟಲಿಲ್ಲ. ಇಂದು ಬಡಗ ನುಡಿಯನ್ನು ಸ್ವತಂತ್ರ ಭಾಷೆಯೆಂದು ಎಣಿಸುವ ಭಾಷಾಶಾಸ್ತ್ರಜ್ಞರು ಅನೇಕರಿದ್ದಾರೆ. ಯಾರೊಬ್ಬರೂ ಕೂತು ಹೊಸ ಭಾಷೆಯನ್ನು ಕಟ್ಟಲಿಲ್ಲ. ಹೋಗಿ-ಬರುವಿಕೆ ನಿಂತದ್ದೇ ಕಾರಣವಾಯಿತು. ಭಾಷೆಗಳ ಹುಟ್ಟಿಗೂ ಜೀವಜಾತಿಗಳ ಹುಟ್ಟಿಗೂ ಇರುವ ಈ ಹೋಲಿಕೆಯನ್ನು ಡಾರ್ವಿನನೂ ೧೮೭೧ರ ತನ್ನ ಗ್ರಂಥದಲ್ಲಿ ಎತ್ತಿ ತೋರಿಸಿರುತ್ತಾನೆ.

ಜೀವಿಗಳಲ್ಲಿ ನುಡಿಯ ಸ್ಥಾನವನ್ನು ವಂಶವಾಹಿಗಳು ಹಿಡಿಯುವವು. ತಲೆಮಾರಿನಿಂದ ತಲೆಮಾರಿಗೆ ಇವುಗಳಲ್ಲಿ ಅಷ್ಟಿಷ್ಟು ಮಾರ್ಪಾಟುಗಳು ತಾವಾಗಿಯೇ ಆಗುತ್ತಿರುವವು. ಬಳಗವು ಒಂದಾಗಿದ್ದರೆ, ಕೂಡುವಿಕೆಯಿಂದ ಅವೆಲ್ಲ ಬೆರೆತುಹೋಗುವವು. ನಡುವೆ ಕಣಿವೆಯೋ ಕಡಲೋ ಒಣನೆಲವೋ ಅಡ್ಡ ಬಂದರೆ, ಈಚೆಯ ಮಾರ್ಪಾಟು ಈಚೆಗೆ, ಆಚೆಯದು ಆಚೆಗೆ ಕೂಡಿಬೀಳುವವು. ಎರಡು ಕಡೆಯ ಮಳೆ, ಆಹಾರ, ಶತ್ರುಗಳು ಬೇರೆಯಾಗಿದ್ದರೆ ನಿಸರ್ಗದ ಆಯ್ಕೆಯೂ ಬೇರೆ ಬೇರೆ ದಿಕ್ಕಿಗೆ ಎಳೆಯುವದು. ಒಂದೇ ತೆರನಾಗಿದ್ದರೂ ಕೇವಲ ಯದೃಚ್ಛೆಯಿಂದ ಭೇದವು ಬೆಳೆಯಬಲ್ಲದು. ಬಹುಕಾಲದ ಮೇಲೆ ಅಡ್ಡಿಯು ಅಳಿದು ಎರಡೂ ಬಳಗಗಳು ಮತ್ತೆ ಎದುರುಬದುರಾದರೆ, ಒಂದರ ಕೂಗು ಇನ್ನೊಂದಕ್ಕೆ ಕರೆಯೆಂದು ಅನಿಸುವದಿಲ್ಲ. ಕೂಡಿದರೂ ಸಂತತಿಯು ಬಾಳುವದಿಲ್ಲ. ಅಂದಿಗೆ ಅವು ಎರಡು ಜಾತಿಗಳು. ಹೊರಗಿದ್ದ ಗೋಡೆಯು ಒಳಗಿನ ಗೋಡೆಯಾದಾಗ ಜಾತಿಯು ಹುಟ್ಟಿತೆನ್ನಬೇಕು.

ಇದು ಕೇವಲ ತರ್ಕವಲ್ಲ. ೧೯೮೯ರಲ್ಲಿ ಡಯೇನ್ ಡಾಡ್ ಎಂಬ ಅಮೆರಿಕದ ವಿದುಷಿಯು ತನ್ನ ಪ್ರಯೋಗವೊಂದನ್ನು ಪ್ರಕಟಿಸಿದಳು. ಒಂದೇ ಮೂಲದ ಹಣ್ಣುನೊಣಗಳನ್ನು ಬೇರೆ ಬೇರೆ ಮಾಡಿ, ಕೆಲವನ್ನು ಪಿಷ್ಟದ ಮೇಲೆಯೂ ಕೆಲವನ್ನು ಮಾಲ್ಟೋಸ್ ಎಂಬ ಸಕ್ಕರೆಯ ಮೇಲೆಯೂ ಅನೇಕ ಪೀಳಿಗೆಗಳವರೆಗೆ ಸಾಕಲಾಗಿತ್ತು. ಮರಳಿ ಒಂದೇ ಕಡೆ ಬಿಟ್ಟಾಗ ಪಿಷ್ಟದ ನೊಣವು ಪಿಷ್ಟದ ನೊಣವನ್ನೂ ಸಕ್ಕರೆಯದು ಸಕ್ಕರೆಯದನ್ನೂ ಹೆಚ್ಚಾಗಿ ಆರಿಸಿಕೊಂಡವು. ಅವು ಬೇರೆ ಜಾತಿಗಳಾಗಿರಲಿಲ್ಲ. ಆದರೆ ಆ ದಾರಿಯ ಮೊದಲ ಹೆಜ್ಜೆಯನ್ನು ಇಟ್ಟಿದ್ದವು.

ಇನ್ನು ಸಹ್ಯಾದ್ರಿಗೆ ಬರೋಣ. ತಾಪಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು ೧೬೦೦ ಕಿಲೋಮೀಟರ್ ಉದ್ದದ ಈ ಬೆಟ್ಟಸಾಲು ನಕ್ಷೆಯ ಮೇಲೆ ಒಂದೇ ಗೋಡೆಯಂತೆ ತೋರಿದರೂ, ತಂಪನ್ನೇ ಅವಲಂಬಿಸಿದ ಜೀವಿಗಳಿಗೆ ಅದು ದ್ವೀಪಗಳ ಸಾಲು. ಎತ್ತರದ ಗಿರಿಗಳ ಮೇಲೆ ಶೋಲಾ ಎಂಬ ಕುಳ್ಳು ಮರಗಳ ಕಾಡುಂಟು. ನಡುನಡುವೆ ಬಿಸಿಯಾದ ತಗ್ಗು ನೆಲವು ಕಡಲಿನಂತೆ ಅಡ್ಡ ಬಿದ್ದಿರುವದು. ಎಲ್ಲಕ್ಕೂ ದೊಡ್ಡ ಬಿರುಕು ಪಾಲಕ್ಕಾಡಿನದು: ಅಗಲ ಸುಮಾರು ೩೦ ರಿಂದ ೪೦ ಕಿಲೋಮೀಟರ್. ಅದರ ತೆಂಕಲಿಗೆ ಶೆಂಕೋಟೆಯ ಬಿರುಕು.

ನಕ್ಕಂತೆ ಕೂಗುವ ಒಂದು ಬೆಟ್ಟದ ಹಕ್ಕಿಯ ಬಳಗವು ಈ ಬಿರುಕುಗಳ ಕತೆಯನ್ನು ಚೆನ್ನಾಗಿ ಹೇಳುವದು. ವಯನಾಡಿನ ಬಾಣಾಸುರ ಬೆಟ್ಟ ಹಾಗೂ ಕೊಡಗಿನ ಅಂಚಿನ ಬ್ರಹ್ಮಗಿರಿಯಲ್ಲಿ ಒಂದು ಜಾತಿ, ನೀಲಗಿರಿಯಲ್ಲಿ ಎರಡನೆಯದು, ಪಾಲಕ್ಕಾಡಿನ ಬಿರುಕನ್ನು ದಾಟಿ ಆನೆಮಲೆ-ಪಳನಿಗಳಲ್ಲಿ ಮೂರನೆಯದು, ಶೆಂಕೋಟೆಯಾಚೆ ನಾಲ್ಕನೆಯದು. ನೀಲಗಿರಿಯ ಹಕ್ಕಿಯನ್ನು ಮದ್ರಾಸು ಸೈನ್ಯದ ವೈದ್ಯನಾಗಿದ್ದ ಜರ್ಡನನು ೧೮೩೯ರಲ್ಲಿಯೇ ವರ್ಣಿಸಿದ್ದನು. ಬಹುಕಾಲ ಇವುಗಳನ್ನು ಹಿಮಾಲಯದ ನಗೆಹಕ್ಕಿಗಳ ಕುಲದಲ್ಲಿ ಸೇರಿಸಿ ಇಡಲಾಗಿತ್ತು. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ಅವರೊಡನೆ ದುಡಿದ ವಿ. ವಿ. ರಾಬಿನ್ ಮೊದಲಾದವರು ಅವುಗಳ ಡಿ. ಎನ್. ಎ.ಯನ್ನು ಓದಿ, ೨೦೧೭ರಲ್ಲಿ, ಇವು ಸಹ್ಯಾದ್ರಿಯಲ್ಲಿಯೇ ಕವಲೊಡೆದ ಪ್ರತ್ಯೇಕ ಕುಲವೆಂದು ತೋರಿಸಿದರು. ಶೋಲಾದಲ್ಲಿ ವಾಸಿಸುವ ನೀಲಿಬಣ್ಣದ ಇನ್ನೊಂದು ಹಕ್ಕಿಯ ಬಳಗಕ್ಕೂ ಅದೇ ಲೇಖನದಲ್ಲಿ ಹೊಸ ಕುಲನಾಮವು ದೊರೆಯಿತು. ಅದರಲ್ಲಿಯೂ ಪಾಲಕ್ಕಾಡಿನ ಬಿರುಕಿನ ಬಡಗಲಿಗೆ ಒಂದು ಜಾತಿ, ತೆಂಕಲಿಗೆ ಬೇರೆ ಜಾತಿಗಳು.

ಹಕ್ಕಿಗೆ ರೆಕ್ಕೆಯಾದರೂ ಇದೆ. ಬೆರಳ ತುದಿಯಷ್ಟು ದೊಡ್ಡದಾದ ಪೊದೆಗಪ್ಪೆಯ ಗತಿಯೇನು? ಈ ಕಪ್ಪೆಗಳಿಗೆ ಕೆರೆ-ಕುಂಟೆಗಳ ಹಂಗಿಲ್ಲ. ಗೊದಮೊಟ್ಟೆಯ ಅವಸ್ಥೆಯು ತತ್ತಿಯೊಳಗೇ ಮುಗಿದು, ತತ್ತಿಯನ್ನೊಡೆದು ಪುಟ್ಟ ಕಪ್ಪೆಯೇ ಹೊರಬರುವದು. ಇದರಿಂದ ನೀರಿಲ್ಲದ ಇಳಿಜಾರಿನಲ್ಲಿಯೂ ಅವು ಬಾಳಬಲ್ಲವು. ಆದರೆ ತೇವವಿಲ್ಲದೆ ಅರೆಗಳಿಗೆಯೂ ಇರಲಾರವು. ಪೃಥ್ವಿಯ ಹವೆಯು ಒಣಗಿದ ಯುಗಗಳಲ್ಲಿ ಹಸಿಕಾಡು ಕುಗ್ಗಿ ಗಿರಿಗಳಿಗೆ ಸೀಮಿತವಾದಾಗ ಕಪ್ಪೆಗಳೂ ಅಲ್ಲಿಯೇ ಸೆರೆಯಾದವು, ಮಳೆ ಮರಳಿ ಕಾಡು ಹಬ್ಬಿದಾಗ ಇಳಿದು ಬಂದವು, ಮತ್ತೆ ಅಗಲಿದವು. ಲಕ್ಷಾಂತರ ವರುಷಗಳ ಈ ಅಗಲಿಕೆ-ಕೂಡಿಕೆಗಳ ಫಲವಾಗಿ, ಒಂದೇ ಕುಲದಲ್ಲಿ ಇಂದು ಎಪ್ಪತ್ತಕ್ಕೂ ಹೆಚ್ಚು ಜಾತಿಗಳು ಎಣಿಕೆಗೆ ಬಂದಿರುವವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ವಿಜಯಕುಮಾರ್, ಕಾರ್ತಿಕ್ ಶಂಕರ್ ಮುಂತಾದವರು ಗಿರಿಗಿರಿಗಳನ್ನು ಹತ್ತಿಳಿದು ೨೦೧೪ರಲ್ಲಿ ಒಮ್ಮೆಗೇ ಒಂಬತ್ತು ಹೊಸ ಜಾತಿಗಳನ್ನು ವರ್ಣಿಸಿದರು. ನೋಡುವ ಕಣ್ಣಿಗೆ ಒಂದೇ ತೆರನಾಗಿ ತೋರುವ ಕಪ್ಪೆಗಳ ಭೇದವು ಅನೇಕ ವೇಳೆ ಕೂಗಿನಲ್ಲಿಯೂ ಡಿ. ಎನ್. ಎ.ಯಲ್ಲಿಯೂ ಬಯಲಾಗುವದು.

ಈ ಕುಲಕ್ಕೆ ‘ರಾವೋರ್ಕೆಸ್ಟಿಸ್’ ಎಂಬ ಹೆಸರು. ಅದರ ಮೊದಲಕ್ಷರಗಳಲ್ಲಿ ಕರ್ನಾಟಕದ ಒಬ್ಬ ವಿದ್ವಾಂಸರ ನೆನಪು ಅಡಗಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಸಿ. ಆರ್. ನಾರಾಯಣರಾಯರು (೧೮೮೨–೧೯೬೦) ಕೊಡಗು, ಹಾಸನ, ಕಡೂರು ಸೀಮೆಗಳ ಕಪ್ಪೆಗಳನ್ನು ಶೋಧಿಸಿ, ೧೯೩೭ರಲ್ಲಿ ಅನೇಕ ಹೊಸ ಜಾತಿಗಳನ್ನು ಲೋಕಕ್ಕೆ ತಿಳಿಸಿದರು. ಕೊಟ್ಟಿಗೆಹಾರ, ಕೆಂಪುಹೊಳೆಗಳಂಥ ಮಲೆನಾಡಿನ ಊರು-ಕಾಡುಗಳ ಹೆಸರು ಜಗತ್ತಿನ ಪ್ರಾಣಿಶಾಸ್ತ್ರದಲ್ಲಿ ಸೇರಿದ್ದು ಅವರಿಂದಲೇ. ಅವರ ಮೂಲ ಮಾದರಿಗಳು ಮುಂದೆ ಕಳೆದುಹೋದುದರಿಂದ, ಅವರು ಕಂಡ ಕಪ್ಪೆ ಯಾವದೆಂಬದನ್ನು ಮತ್ತೆ ಕಾಡಿಗೆ ಹೋಗಿಯೇ ಗೊತ್ತುಮಾಡಬೇಕಾಯಿತು. ೧೯೩೨ರಲ್ಲಿ ಬೆಂಗಳೂರಿನಿಂದ ಹೊರಟ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಅವರೇ. ೨೦೧೦ರಲ್ಲಿ ಎಸ್. ಡಿ. ಬಿಜು ಮತ್ತು ಸಂಗಡಿಗರು ಪೊದೆಗಪ್ಪೆಗಳಿಗೆ ರಾಯರ ಹೆಸರಿನಿಂದ ಹೊಸ ಕುಲವನ್ನು ಸ್ಥಾಪಿಸಿದ್ದು ಅದೇ ಪತ್ರಿಕೆಯ ಪುಟಗಳಲ್ಲಿ. ಅನಂಡೇಲರ ಕ್ಯಾಸಲ್‌ರಾಕಿನ ಕಪ್ಪೆಯೂ ಈಗ ರಾಯರ ಕುಲಕ್ಕೆ ಸೇರಿರುತ್ತದೆ.

ಧಾರವಾಡಕ್ಕೆ ಇನ್ನೂ ಸಮೀಪದ ಉದಾಹರಣೆಯು ಉತ್ತರ ಕನ್ನಡದ್ದು. ಸಿದ್ದಾಪುರ-ಹೊನ್ನಾವರಗಳ ನಡುವಿನ ಕತ್ತಲೆಕಾನಿನಲ್ಲಿ ರಾಮಪತ್ರೆಯ ಜಡ್ಡಿಗಳುಂಟು. ವರುಷವಿಡೀ ನೀರು ಹರಿಯುವ ಈ ಕೆಸರುಕಾಡಿನಲ್ಲಿ ಮರಗಳ ಬೇರುಗಳು ಉಸಿರಿಗಾಗಿ ನೆಲದಿಂದ ಮೇಲೆದ್ದು ಮಣಿದಿರುವವು. ಒಂದು ಕಾಲಕ್ಕೆ ಹೆಚ್ಚು ಹಬ್ಬಿದ್ದ ಇಂಥ ಜಡ್ಡಿಗಳು ಇಂದು ಚೂರುಚೂರಾಗಿ ಉಳಿದಿವೆ. ಕೆ. ವಿ. ಗುರುರಾಜ ಮೊದಲಾದವರು ೨೦೧೪ರಲ್ಲಿ ಇಲ್ಲಿಯ ಒಂದು ಇರುಳುಗಪ್ಪೆಗೆ ‘ಕುಂಬಾರ’ ಎಂಬ ಅಚ್ಚಗನ್ನಡದ ಹೆಸರನ್ನಿಟ್ಟರು. ಗಂಡುಕಪ್ಪೆಯು ಕೈಯಿಂದ ಕೆಸರನ್ನೆತ್ತಿ ತತ್ತಿಗಳ ಮೇಲೆ ಮೆತ್ತುವದರಿಂದ ಆ ಹೆಸರು ಅದಕ್ಕೆ ಒಪ್ಪುವದು. ಅದೇ ಕತ್ತಲೆಕಾನಿನಿಂದ, ಕೇರುಬೀಜದ ಮರದ ಬಳಗಕ್ಕೆ ಸೇರಿದ ಒಂದು ಹೊಸ ಮರವು ೨೦೦೦ದಲ್ಲಿ ವರ್ಣಿತವಾಯಿತು. ಕತ್ತಲೆಕಾನಿನ ಹೆಸರೇ ಅದರ ಜಾತಿನಾಮ. ಆದರೆ ಕಂಡುಬಂದ ಮರಗಳ ಸಂಖ್ಯೆಯು ನೂರನ್ನೂ ಮುಟ್ಟಲಿಲ್ಲ.

ಇಲ್ಲಿಗೆ ವಿಷಯವು ಗಂಭೀರವಾಗುವದು. ಅಗಲಿಕೆಯಿಂದ ಜಾತಿಗಳು ಹುಟ್ಟುವದಾದರೆ, ಕಾಡನ್ನು ತುಂಡು ತುಂಡು ಮಾಡಿದಷ್ಟೂ ಒಳಿತಲ್ಲವೇ, ಹೊಸ ಹೊಸ ಜಾತಿಗಳು ಹುಟ್ಟಲಿ, ಎಂದು ಯಾರಾದರೂ ಕೇಳಬಹುದು. ಈ ಕುತರ್ಕಕ್ಕೆ ಉತ್ತರವು ಸಹ್ಯಾದ್ರಿಯಲ್ಲಿಯೇ ಇದೆ. ಅಗಲಿಕೆಯು ಒಂಟಿಯಾಗಿ ಏನನ್ನೂ ಹೆರಲಾರದು. ಅದಕ್ಕೆ ಇಬ್ಬರು ಜೊತೆಗಾರರು ಬೇಕು: ಒಂದು ಕಾಲ, ಇನ್ನೊಂದು ಸಂಖ್ಯೆ. ಪಾಲಕ್ಕಾಡಿನ ಬಿರುಕು ಲಕ್ಷಾಂತರ ವರುಷ ತೆರೆದೇ ಇದ್ದಿತು. ಅದರ ಎರಡೂ ದಂಡೆಗಳಲ್ಲಿ ಹೆಗ್ಗಾಡು ಇದ್ದಿತು. ಕಾಡಿನ ತುಂಬ ಹಕ್ಕಿಗಳಿದ್ದವು. ಮಾನವನು ತೆರೆದ ಬಿರುಕಿಗೆ ನೂರು ವರುಷವೂ ಆಗಿರುವದಿಲ್ಲ. ಅದರ ದಂಡೆಯಲ್ಲಿ ಉಳಿಯುವದು ಹತ್ತಿಪ್ಪತ್ತು ಎಕರೆಯ ತುಣುಕು. ಅಂಥ ತುಣುಕಿನಲ್ಲಿ ಸಿಲುಕಿದ ಕೆಲವೇ ಜೀವಿಗಳು ಒಳಗೊಳಗೇ ಕೂಡಿ ವಂಶವನ್ನು ಕ್ಷೀಣಿಸಿಕೊಳ್ಳುವವು. ಒಂದು ಬೆಂಕಿ, ಒಂದು ರೋಗ, ಒಂದು ಬರಗಾಲ ಸಾಕು, ಕತೆ ಮುಗಿಯುವದು. ಮೊದಲನೆಯ ಅಗಲಿಕೆಯು ತೊಟ್ಟಿಲು, ಎರಡನೆಯದು ಸೆರೆಮನೆ.

ಇವೆರಡರ ವ್ಯತ್ಯಾಸವು ಹಾಡಿನಲ್ಲಿಯೂ ಕೇಳಿಬರುವದೆಂಬದು ಕುತೂಹಲದ ಸಂಗತಿ. ಶೋಲಾದ ನೀಲಿಹಕ್ಕಿಗಳ ಹಾಡುಗಳನ್ನು ಧ್ವನಿಮುದ್ರಿಸಿ ಅಳೆದ ಚೇತನಾ ಪುರುಷೋತ್ತಮ್ ಮತ್ತು ರಾಬಿನ್ ಅವರು, ಪುರಾತನ ಬಿರುಕಿನಿಂದ ಅಗಲಿದ ಹಕ್ಕಿಗಳ ಹಾಡಿನಲ್ಲಿ ಬಂದಿರುವ ಭೇದದ ಬಗೆಯೇ ಬೇರೆ, ಈಚೆಗೆ ಕಾಡು ಕಡಿದುದರಿಂದ ಅಗಲಿದವುಗಳ ಬಗೆಯೇ ಬೇರೆ ಎಂದು ೨೦೧೬ರಲ್ಲಿ ತೋರಿಸಿದರು. ಅಂದರೆ ಕೊಡಲಿಯ ಪೆಟ್ಟಿನ ಗುರುತು ಆಗಲೇ ಹಕ್ಕಿಯ ಕೊರಳಿನಲ್ಲಿ ಮೂಡಿರುತ್ತದೆ.

ಉತ್ತರ ಕನ್ನಡದ ಕಾಡುಗಳು ಇಂಥ ಹೊಸ ಅಗಲಿಕೆಯ ಅಂಚಿನಲ್ಲಿ ನಿಂತಿವೆ. ಸಿಂಗಳೀಕವೆಂಬ ಕಪ್ಪು ಮಂಗನ ಬಡಗಣ ತುದಿಯ ನೆಲೆಯು ಶಿರಸಿ-ಹೊನ್ನಾವರಗಳ ಈ ಕಣಿವೆಗಳೇ. ಮರದಿಂದ ಮರಕ್ಕೆ ಹಾರಿಯೇ ಬಾಳುವ ಈ ಪ್ರಾಣಿಗೆ ಮೇಲ್ಛಾವಣಿ ಕಡಿದ ಒಂದು ಅಗಲವಾದ ರಸ್ತೆಯೂ ನದಿಯಂತಾಗುವದು. ೨೦೧೧ರಲ್ಲಿ ಅಘನಾಶಿನಿ ಕಣಿವೆಯ ಕಾಡನ್ನು ಸರಕಾರವು ಇದರ ಸಲುವಾಗಿ ಸಂರಕ್ಷಿತ ಪ್ರದೇಶವೆಂದು ಸಾರಿತು. ಕತ್ತಲೆಕಾನಿನ ಮರದ ಬೀಜಗಳಿಂದ ಸಸಿಯೆಬ್ಬಿಸಿ ಮತ್ತೆ ಜಡ್ಡಿಗಳಲ್ಲಿ ನೆಡುವ ಕೆಲಸವನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಶಿರಸಿಯ ಅರಣ್ಯ ಮಹಾವಿದ್ಯಾಲಯದವರು ಕೈಕೊಂಡರು. ಇತ್ತ ಹುಬ್ಬಳ್ಳಿಯಿಂದ ಅಂಕೋಲೆಗೆ ಘಟ್ಟವನ್ನಿಳಿಯುವ ರೈಲುದಾರಿಯ ಯೋಜನೆಯು ದಶಕಗಳಿಂದ ಚರ್ಚೆಗೂ ವ್ಯಾಜ್ಯಕ್ಕೂ ಗುರಿಯಾಗುತ್ತ ಬಂದಿದೆ. ಬಯಲುಸೀಮೆಯ ವರ್ತಕರಿಗೆ ಬಂದರು ಹತ್ತಿರವಾಗಬೇಕೆಂಬ ಬಯಕೆಯು ಅನ್ಯಾಯದ್ದಲ್ಲ. ಆದರೆ ಆ ಚರ್ಚೆಯಲ್ಲಿ ಕಡಿಯಬೇಕಾದ ಮರಗಳ ಲೆಕ್ಕವೊಂದೇ ಸಾಲದು. ಮರವನ್ನು ಬೇರೆಡೆ ನೆಡಬಹುದು. ನಡುವೆ ಕಡಿದುಹೋದ ಹೋಗಿ-ಬರುವಿಕೆಯನ್ನು ಬೇರೆಡೆ ನೆಡಲು ಬಾರದು. ದಾರಿಯು ಹಾಸಲೇಬೇಕಾದಲ್ಲಿ ಸುರಂಗಗಳಿಂದಲೋ ಮೇಲುಸೇತುವೆಗಳಿಂದಲೋ ಕಾಡಿನ ಎರಡೂ ಭಾಗಗಳು ಒಂದಾಗಿಯೇ ಉಳಿಯುವಂತೆ ನೋಡುವದು ಎಂಜಿನಿಯರರ ಕರ್ತವ್ಯಗಳಲ್ಲಿ ಒಂದಾಗಬೇಕು.

ಕಪ್ಪೆಯೊಂದು ಉಳಿದರೇನು, ಅಳಿದರೇನು ಎಂಬ ಮಾತು ಸುಶಿಕ್ಷಿತರ ಮನೆಗಳಲ್ಲಿಯೂ ಕೇಳಿಬರುವದುಂಟು. ಕುಂಬಾರ ಕಪ್ಪೆಗೆ ತತ್ತಿಯ ಮೇಲೆ ಮಣ್ಣು ಮೆತ್ತಲು ಕಲಿಸಿದವರಾರೂ ಇಲ್ಲ. ಎಷ್ಟೋ ಸಾವಿರ ತಲೆಮಾರುಗಳು ಆ ಒಂದು ಬಗೆಯ ತೊರೆಯ ದಂಡೆಯಲ್ಲಿ ಬಾಳಿ ಆ ವಿದ್ಯೆಯನ್ನು ಗಳಿಸಿರುವವು. ಅದು ಅಳಿದರೆ ಅದನ್ನು ಮತ್ತೆ ಪಡೆಯಲು ಅಷ್ಟೇ ಕಾಲವೂ, ಅಂಥದೇ ಕಾಡೂ, ಅಂಥದೇ ಅಗಲಿಕೆಯೂ ಒದಗಿಬರಬೇಕು. ಒದಗಿದರೂ ಹುಟ್ಟುವದು ಬೇರೊಂದು ಕಪ್ಪೆಯೇ ಹೊರತು ಅದೇ ಕಪ್ಪೆಯಲ್ಲ. ನಾರಾಯಣರಾಯರ ಮಾದರಿಗಳು ಕಳೆದಾಗ ಶಾಸ್ತ್ರಜ್ಞರು ಮತ್ತೆ ಕಾಡಿಗೆ ಹೋಗಿ ಹುಡುಕಿ ತರಲು ಸಾಧ್ಯವಾಯಿತು, ಏಕೆಂದರೆ ಕಾಡಿನಲ್ಲಿ ಕಪ್ಪೆಗಳು ಇನ್ನೂ ಕೂಗುತ್ತಿದ್ದವು. ಮುಂದಿನ ಪೀಳಿಗೆಯ ಶೋಧಕರಿಗೂ ಅಷ್ಟು ಅನುಕೂಲವನ್ನು ಉಳಿಸಿಕೊಡುವದು ಘಟ್ಟದ ಮೇಲಿನವರ, ಘಟ್ಟದ ಕೆಳಗಿನವರ, ಹಾಗೂ ಬಯಲುಸೀಮೆಯವರ ಸಮಾನವಾದ ಹೊಣೆಯಾಗಿದೆ.